ಹನ್ನೊಂದು ಹಡಗು, ಒಂದು ನೂಲು: ಫಸ್ಟ್ ಫ್ಲೀಟ್ ಪ್ರಯಾಣವನ್ನು ಮಕ್ಕಳ ಜೊತೆ ಮನೆಯಲ್ಲೇ ಹಿಂಬಾಲಿಸುವ ಬಗೆ

ಮೊಮ್ಮಗ ನಾಲ್ಕನೇ ತರಗತಿಯಲ್ಲಿದ್ದಾಗ ಸಿಡ್ನಿಯ ತನ್ನ ಶಾಲೆಯಿಂದ ಒಂದು ಹಾಳೆ ತಂದ. ಅದರಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಎಳೆದ ಒಂದು ಕೆಂಪು ಗೆರೆ, ನಡುವೆ ಮೂರು ಚುಕ್ಕೆ. ಅವನು ಗೆರೆಯ ಮೇಲೆ ಬೆರಳಾಡಿಸಿ, "ಅಜ್ಜಾ, ಆಫ್ರಿಕಾ ಇಲ್ಲೇ ಕೆಳಗಿದೆ. ಇವರು ಬ್ರೆಜಿಲ್‌ಗೆ ಯಾಕೆ ಹೋದರು? ದಾರಿ ತಪ್ಪಿತಾ?" ಎಂದು ಕೇಳಿದ.

ಮೂವತ್ತೊಂದು ವರ್ಷ ಕುಮಟಾ ಬದಿಯ ಹೈಸ್ಕೂಲುಗಳಲ್ಲಿ ಸಮಾಜ ವಿಜ್ಞಾನ ಕಲಿಸಿದವನು ನಾನು. ನನ್ನಪ್ಪ ಮಚವೆ ಎಂಬ ಹಾಯಿದೋಣಿಯಲ್ಲಿ ಹಂಚು, ಉಪ್ಪು ಸಾಗಿಸಿ ನಮ್ಮನ್ನು ಸಾಕಿದವರು. ಆ ಪ್ರಶ್ನೆಯೊಂದಕ್ಕೆ ಸರಿಯಾದ ಉತ್ತರ ಕೊಡಲು ಹೋಗಿ ಅಜ್ಜ ಮೊಮ್ಮಗ ಇಬ್ಬರೂ ಎಂಟು ತಿಂಗಳು ಒಂದೇ ಪ್ರಯಾಣದಲ್ಲಿ ಮುಳುಗಿದೆವು. ಆಮೇಲೆ ಊರಿಗೆ ಬಂದಾಗ, ಹಿಂದೆ ಕಲಿಸಿದ ಶಾಲೆಯೊಂದರ ಮಕ್ಕಳ ಜೊತೆಗೂ ಅದನ್ನೇ ಸ್ವಲ್ಪ ಬದಲಿಸಿ ಮಾಡಿದೆ. ಹೇಗೆ ಮಾಡಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಮಕ್ಕಳ ಶಾಲೆ ಪ್ರಾಜೆಕ್ಟಿಗೆ ಕೂತಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ, ಅಜ್ಜ ಅಜ್ಜಿಯರಿಗೆ ಇದು ಉಪಯೋಗಕ್ಕೆ ಬರಬಹುದು. ನಮ್ಮೂರಿನ ಮೇಷ್ಟ್ರುಗಳಿಗೂ ಬರಬಹುದು.

ಮೊದಲು ಸಂಗತಿ ಏನೆಂದು ಚಿಕ್ಕದಾಗಿ ಹೇಳಿಬಿಡುತ್ತೇನೆ. ಬ್ರಿಟನ್ ತನ್ನ ಕೈದಿಗಳನ್ನು ಅಮೆರಿಕದ ವಸಾಹತುಗಳಿಗೆ ಸಾಗಿಸುತ್ತಿತ್ತು. 1776ರ ಹೊತ್ತಿಗೆ ಅಮೆರಿಕ ಕೈಬಿಟ್ಟು ಹೋಯಿತು. ಜೈಲುಗಳು ತುಂಬಿದವು. ಥೇಮ್ಸ್ ನದಿಯಲ್ಲಿ ಹಳೆಯ ಹಡಗುಗಳನ್ನು ನಿಲ್ಲಿಸಿ ಕೈದಿಗಳನ್ನು ಅವುಗಳಲ್ಲಿ ತುಂಬಿದರು. ಕ್ಯಾಪ್ಟನ್ ಕುಕ್ ಜೊತೆ ಹೋಗಿ ಬಂದಿದ್ದ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್ 1779ರಲ್ಲೇ ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಬಾಟನಿ ಬೇ ಕೊಲ್ಲಿಯ ಹೆಸರು ಸೂಚಿಸಿದ್ದ. 1786ರ ಆಗಸ್ಟ್‌ನಲ್ಲಿ ಸರ್ಕಾರ ಅದನ್ನೇ ಗಟ್ಟಿ ಮಾಡಿತು. ಆರ್ಥರ್ ಫಿಲಿಪ್‌ನ ನೇತೃತ್ವದಲ್ಲಿ 1787ರಲ್ಲಿ ಹೊರಟಿದ್ದು ಹನ್ನೊಂದು ಹಡಗುಗಳು, ಹೆಚ್ಚುಕಡಿಮೆ 1,400 ಜನ. ಇದಕ್ಕೇ ಫಸ್ಟ್ ಫ್ಲೀಟ್, ಅಂದರೆ ಮೊದಲ ಹಡಗುಪಡೆ, ಎಂದು ಹೆಸರು. ಅವರಲ್ಲಿ 750ಕ್ಕೂ ಹೆಚ್ಚು ಮಂದಿ ಕೈದಿಗಳು. ಕರಿನೀರು ಎಂದೊಡನೆ ನಮಗೆ ಅಂಡಮಾನ್ ನೆನಪಾಗುತ್ತದೆ. ಅಂಡಮಾನಿಗೆ ಕೈದಿಗಳ ಹಡಗು ಹೊರಟಿದ್ದು 1858ರಲ್ಲಿ. ಇದು ಅದಕ್ಕೂ ಎಪ್ಪತ್ತೊಂದು ವರ್ಷ ಹಿಂದಿನ ಕರಿನೀರು.

ಸಾಮಾನು ಹೊಂದಿಸುವುದು

ಒಂದು ಗೋಳ ಬೇಕು. ಚಪ್ಪಟೆ ಭೂಪಟ ಬೇಡ. ನಾನು ಮೊದಲು ಗೋಡೆಯ ಭೂಪಟದಲ್ಲೇ ಶುರುಮಾಡಿದ್ದೆ. ಒಂದು ವಾರದಲ್ಲಿ ಅದನ್ನು ತೆಗೆದಿಟ್ಟೆ. ಕೇಪ್‌ಟೌನ್ ಮತ್ತು ಸಿಡ್ನಿ ಎರಡೂ ಸುಮಾರು 34 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿವೆ. ಚಪ್ಪಟೆ ಪಟದಲ್ಲಿ ನೋಡಿದರೆ ಅಡ್ಡಗೆರೆ ಹಿಡಿದು ನೆಟ್ಟಗೆ ಹೋಗುವುದೇ ಹತ್ತಿರದ ದಾರಿ ಅನ್ನಿಸುತ್ತದೆ. ಗೋಳದ ಮೇಲೆ ಎರಡು ಊರುಗಳ ನಡುವೆ ನೂಲನ್ನು ಬಿಗಿಯಾಗಿ ಹಿಡಿದು ನೋಡಿ, ನೂಲು ತಾನಾಗಿ ದಕ್ಷಿಣಕ್ಕೆ ಬಾಗುತ್ತದೆ. ಮಗುವಿಗೆ ಇದನ್ನು ಬಾಯಲ್ಲಿ ಹೇಳಬೇಡಿ. ನೂಲು ಅವನ ಕೈಯಲ್ಲೇ ಇರಲಿ.

30 ಸೆಂಟಿಮೀಟರ್ ಅಡ್ಡಳತೆಯ ಗೋಳ ಸಿಕ್ಕರೆ ಲೆಕ್ಕ ಸುಲಭ. ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ಸುಮಾರು 425 ಕಿಲೋಮೀಟರ್. ಒಟ್ಟು ಪ್ರಯಾಣ ಸುಮಾರು 24,000 ಕಿಲೋಮೀಟರ್, ಹಾಗಾಗಿ ಅರವತ್ತು ಸೆಂಟಿಮೀಟರ್ ನೂಲು ಸಾಕು. ನಮ್ಮ ಮನೆಯಲ್ಲಿ ಹೂ ಕಟ್ಟುವ ಬಿಳಿ ನೂಲು ಇತ್ತು, ಅದನ್ನೇ ತೆಗೆದುಕೊಂಡೆವು. ಅಂಟಿಸಲು ಸೆಲ್ಲೋಟೇಪಿನ ಚಿಕ್ಕ ಚೂರುಗಳು. ಗುಂಡುಸೂಜಿ ಚುಚ್ಚಿದರೆ ಗೋಳ ಹಾಳಾಗುತ್ತದೆ.

ಇನ್ನೊಂದು ಚೌಕಳಿ ಹಾಳೆ. ಅಡ್ಡಕ್ಕೆ ಏಳು ಮನೆ, ಉದ್ದಕ್ಕೆ ಮೂವತ್ತಾರು ಸಾಲು, ಅಂದರೆ 252 ಮನೆ. ಹಡಗುಗಳು ಪೋರ್ಟ್ಸ್‌ಮತ್ ಬಿಟ್ಟಿದ್ದು 1787ರ ಮೇ 13ರ ಭಾನುವಾರ. ಕೊನೆಯ ಗುಂಪು ಬಾಟನಿ ಬೇ ಸೇರಿದ್ದು 1788ರ ಜನವರಿ 20ರ ಭಾನುವಾರ. ನಡುವೆ ಸರಿಯಾಗಿ ಮೂವತ್ತಾರು ವಾರ. ಈ ಲೆಕ್ಕ ಕೂಡಿಬಂದ ದಿನ ನನಗಾದ ಸಂತೋಷ ಇಷ್ಟಿಷ್ಟಲ್ಲ. ಸಮುದ್ರದ ಮೇಲಿನ ದಿನಗಳಿಗೆ ನೀಲಿ, ಬಂದರಿನಲ್ಲಿ ನಿಂತ ದಿನಗಳಿಗೆ ಹಳದಿ ಬಣ್ಣ ಹಚ್ಚಿಸಿ. ಕೊನೆಗೆ ಎಣಿಸಿದರೆ ನೀಲಿ 184, ಹಳದಿ 68.

ಸಾಧ್ಯವಾದರೆ ಮೇ 13ಕ್ಕೇ ಶುರುಮಾಡಿ. ಊರಿನಲ್ಲಾದರೆ ಆಗ ಬೇಸಿಗೆ ರಜೆ. ಸಿಡ್ನಿಯಲ್ಲಾದರೆ ಮುಗಿಯುವ ಹೊತ್ತಿಗೆ, ಜನವರಿಯಲ್ಲಿ, ಶಾಲೆಗೆ ರಜೆ ಇರುತ್ತದೆ. ದಿನಕ್ಕೆ ಐದು ನಿಮಿಷ, ಭಾನುವಾರ ಒಂದು ಗಂಟೆ. ಅದಕ್ಕಿಂತ ಹೆಚ್ಚು ಬೇಡ.

ಗೆರೆ ಎಳೆಯುವ ಮೊದಲು ಗಾಳಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು, ಶಾಲೆಯ ಹಾಳೆಯಲ್ಲಿ ಬಿಟ್ಟುಹೋದದ್ದೂ ಇದೇ. ಹಾಯಿಹಡಗಿಗೆ ದಾರಿ ಎಂದರೆ ಗಾಳಿ. ಅಪ್ಪ ನಸುಕಿನ ಮೂಡಗಾಳಿಗೆ ಹಾಯಿ ಬಿಚ್ಚಿ ಹೊರಗೆ ಹೋಗುತ್ತಿದ್ದರು, ಮಧ್ಯಾಹ್ನದ ಪಡುಗಾಳಿಗೆ ದಡಕ್ಕೆ ಬರುತ್ತಿದ್ದರು. ಮಳೆಗಾಲ ಪೂರ್ತಿ ಮಚವೆ ದಡದ ಮೇಲೆ ಇರುತ್ತಿತ್ತು. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಒಪ್ಪಿಸಿದ ಮೇಲೆಯೇ ನೀರಿಗಿಳಿಸುವುದು. "ಗಾಳಿ ಒಲ್ಲೆ ಅಂದಲ್ಲಿಗೆ ಹೋಗೂಕಾಗ್ತಿಲ್ಲೆ" ಎಂದು ಅವರು ಹೇಳುತ್ತಿದ್ದದ್ದು ನನಗೆ ಈಗಲೂ ಕೇಳಿಸುತ್ತದೆ.

ಹಾಗಾಗಿ ನೂಲು ಅಂಟಿಸುವ ಮೊದಲು ಗೋಳದ ಮೇಲೆ ಚಿಕ್ಕ ಕಾಗದದ ಬಾಣಗಳನ್ನು ಅಂಟಿಸಿ. ಸಮಭಾಜಕ ವೃತ್ತದ ಉತ್ತರಕ್ಕೆ ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ. ದಕ್ಷಿಣಕ್ಕೆ ಆಗ್ನೇಯದಿಂದ ಬೀಸುವುದು. ಎರಡರ ನಡುವೆ ಗಾಳಿಯೇ ಇಲ್ಲದ ಶಾಂತ ವಲಯ, ಅಲ್ಲಿ ಬಾಣ ಬೇಡ, ಒಂದು ಸೊನ್ನೆ ಬರೆಯಿರಿ. ಇನ್ನೂ ಕೆಳಗೆ, 40 ಡಿಗ್ರಿ ದಕ್ಷಿಣದ ಆಸುಪಾಸು, ಪಶ್ಚಿಮದಿಂದ ಪೂರ್ವಕ್ಕೆ ತಡೆಯಿಲ್ಲದೆ ನುಗ್ಗುವ ಗಾಳಿಗೆ ದಪ್ಪ ಬಾಣಗಳು.

ಬಾಣ ಅಂಟಿಸಿದ ಮೇಲೆ ಮಗುವನ್ನು ಕೇಳಿ: "ಈಗ ಹಡಗು ನಿನ್ನದು. ಇಂಗ್ಲೆಂಡಿನಿಂದ ಹೊರಟಿದ್ದೀಯ. ಹೇಗೆ ಹೋಗ್ತೀಯ?" ನಮ್ಮ ಹುಡುಗ ಬೆರಳನ್ನು ಆಫ್ರಿಕಾದ ಕರಾವಳಿಗುಂಟ ಇಳಿಸುತ್ತಾ ಬಂದು, ಎದುರುಗಾಳಿಯ ಬಾಣಗಳನ್ನು ನೋಡಿ ನಿಂತ. ಆಮೇಲೆ ಬೆರಳು ತಾನಾಗಿಯೇ ಬ್ರೆಜಿಲ್ ಕಡೆ ಜಾರಿತು. ಅಲ್ಲಿಂದ ಕೆಳಗಿಳಿದು ಪಶ್ಚಿಮದ ಗಾಳಿ ಹಿಡಿದು ಕೇಪ್‌ಟೌನ್. ಅವನ ಪ್ರಶ್ನೆಗೆ ಉತ್ತರ ಅವನ ಬೆರಳಿಗೇ ಸಿಕ್ಕಿತು.

ನೂಲು ಸರಿಸುವುದು

ಹಾಯುವ ದಿನಗಳ ಸರಾಸರಿ ತೆಗೆದರೆ ದಿನಕ್ಕೆ ಸುಮಾರು 130 ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಕುಮಟಾದಿಂದ ಉಡುಪಿ ತನಕ. ಗೋಳದ ಮೇಲೆ ಅದು ಮೂರು ಮಿಲಿಮೀಟರ್. ದಿನವೂ ಮೂರು ಮಿಲಿಮೀಟರ್ ಸರಿಸಿ. ಅಷ್ಟು ನಿಧಾನಕ್ಕೆ ಮಕ್ಕಳು ಬೇಸರಪಡುತ್ತಾರೆ. ಆ ಬೇಸರವೂ ಕಲಿಕೆಯೇ, ಅವಸರ ಮಾಡಿಸಬೇಡಿ.

ಮೊದಲ ಪಯಣ 21 ದಿನ, ಕ್ಯಾನರಿ ದ್ವೀಪಗಳ ಟೆನೆರಿಫ್‌ಗೆ. ಜೂನ್ 3ಕ್ಕೆ ತಲುಪಿ ಒಂದು ವಾರ ನಿಂತರು. ಜಾನ್ ಪವರ್ಸ್ ಎಂಬ ಕೈದಿ ಇಲ್ಲಿ ಚಿಕ್ಕ ದೋಣಿಯೊಂದರಲ್ಲಿ ತಪ್ಪಿಸಿಕೊಂಡು, ಸಿಕ್ಕಿಬಿದ್ದ. ಮುಂದಿನದು ಉದ್ದ, 56 ದಿನ. ಕೇಪ್ ವರ್ಡೆ ದ್ವೀಪಗಳಲ್ಲಿ ತಾಜಾ ಆಹಾರ ಕೊಳ್ಳಬೇಕೆಂದುಕೊಂಡಿದ್ದರು. ಗಾಳಿ, ಸೆಳವು ಬಿಡಲಿಲ್ಲ, ಬಂದರನ್ನು ಕಣ್ಣಿಂದ ನೋಡಿ ಮುಂದೆ ಹೋದರು. ನೂಲನ್ನು ಅಲ್ಲಿಗೆ ಮುಟ್ಟಿಸಿ, ಅಂಟಿಸದೆ ಮುಂದೆ ಒಯ್ಯಿರಿ.

ಆಗಸ್ಟ್ ಮೊದಲ ವಾರ ರಿಯೊ ಡಿ ಜನೈರೊ. ಇಲ್ಲಿ ಮೂವತ್ತು ಹಳದಿ ಮನೆಗಳು. ಫಿಲಿಪ್ ಹಿಂದೆ ಪೋರ್ಚುಗೀಸ್ ನೌಕಾಪಡೆಯಲ್ಲಿ ದುಡಿದವನು, ಹಾಗಾಗಿ ಅವನಿಗೆ ಅಲ್ಲಿ ದೊಡ್ಡ ಮರ್ಯಾದೆ ಸಿಕ್ಕಿತು. ಕಿತ್ತಳೆ ಹಣ್ಣು ಬೇಕಾದಷ್ಟು ಸಿಕ್ಕವು. ಇಂಗ್ಲೆಂಡಿನಲ್ಲಿ ತುಂಬಿಸಲು ಬಿಟ್ಟುಹೋಗಿದ್ದ ಬಂದೂಕಿನ ಗುಂಡುಗಳನ್ನೂ ಇಲ್ಲೇ ಕೊಂಡರು. ಹತ್ತು ಸಾವಿರ ಗುಂಡು! ಒಂದು ವಸಾಹತು ಕಟ್ಟಲು ಹೊರಟವರು ಮದ್ದುಗುಂಡನ್ನೂ ಹೆಂಗಸರ ಬಟ್ಟೆಯನ್ನೂ ಸರಿಯಾಗಿ ಕಳಿಸಿರಲಿಲ್ಲ ಎಂಬುದನ್ನು ಮಕ್ಕಳಿಗೆ ಹೇಳಿ. ಕಾಫಿ, ಹತ್ತಿ, ಬಾಳೆ, ನಿಂಬೆಗಳ ಜೊತೆ ಕೆಂಪು ಬಣ್ಣ ಕೊಡುವ ಹುಳು ಕೂತ ಪಾಪಾಸುಕಳ್ಳಿಯನ್ನೂ ಇಲ್ಲಿಂದ ಹೊತ್ತರು. ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ಕಾಣುವ ಪಾಪಾಸುಕಳ್ಳಿಯ ತವರೂ ಅಮೆರಿಕ ಖಂಡವೇ.

ರಿಯೊದಿಂದ ಕೇಪ್‌ಟೌನ್‌ಗೆ 39 ದಿನ. ಅಲ್ಲಿ ಒಂದು ತಿಂಗಳು ನಿಂತು ದನ, ಕುದುರೆ, ಕುರಿ, ಹಂದಿ, ಕೋಳಿ ಎಲ್ಲ ಸೇರಿ ಐನೂರಕ್ಕೂ ಹೆಚ್ಚು ಜೀವಗಳನ್ನು ಹತ್ತಿಸಿಕೊಂಡರು. ಕುರಿಗಳಿಗೆ ಜಾಗ ಮಾಡಲು ಫ್ರೆಂಡ್‌ಶಿಪ್ ಹಡಗಿನ ಹೆಂಗಸರನ್ನು ಬೇರೆ ಹಡಗುಗಳಿಗೆ ಹಂಚಿದರು. ಇದನ್ನು ಓದಿದ ದಿನ ನನ್ನ ಮಗಳು ಬಹಳ ಹೊತ್ತು ಮಾತಾಡಲಿಲ್ಲ.

ನವೆಂಬರ್ 13ರಿಂದ ಕೊನೆಯ 68 ದಿನ. ನವೆಂಬರ್ 25ಕ್ಕೆ ಫಿಲಿಪ್ ಚಿಕ್ಕದಾದರೂ ಚುರುಕಾದ ಸಪ್ಲೈ ಹಡಗಿಗೆ ಹೋದ. ಅಲೆಕ್ಸಾಂಡರ್, ಸ್ಕಾರ್ಬರೋ, ಫ್ರೆಂಡ್‌ಶಿಪ್ ಹಡಗುಗಳನ್ನು ಕರೆದುಕೊಂಡು ಮುಂದೆ ನಡೆದ. ಇಲ್ಲಿ ನೂಲನ್ನು ಎರಡಾಗಿ ಸೀಳಬೇಕು, ಒಂದು ಎಳೆ ಫಿಲಿಪ್‌ದು, ಇನ್ನೊಂದು ಸಿರಿಯಸ್ ಹಡಗಿನ ಹಿಂದೆ ಬಂದವರದು. ಮುಂದೆ ಹೋಗಿ ಮನೆ ಮಠ ಸಿದ್ಧಮಾಡುವ ಯೋಚನೆ ಅವನದು. ಆದದ್ದು ಬೇರೆ. ಸಪ್ಲೈ ಜನವರಿ 18ಕ್ಕೆ, ಆ ಮೂರು ಹಡಗುಗಳು 19ಕ್ಕೆ, ಉಳಿದವೆಲ್ಲ 20ಕ್ಕೆ ಬಂದು ಸೇರಿದವು.

ಒಂದು ಎಚ್ಚರಿಕೆ. ಬೇರೆ ಬೇರೆ ದಿನಚರಿಗಳಲ್ಲಿ ತಾರೀಖು ಒಂದು ದಿನ ಆಚೀಚೆ ಇರುತ್ತದೆ. ಯಾರೋ ತಪ್ಪು ಬರೆದರು ಎಂದುಕೊಳ್ಳಬೇಡಿ. ಹಡಗಿನವರ ದಿನ ನಡುರಾತ್ರಿಗೆ ಬದಲಾಗುತ್ತಿರಲಿಲ್ಲ, ಮಧ್ಯಾಹ್ನ ಸೂರ್ಯ ನೆತ್ತಿಗೆ ಬಂದಾಗ ಬದಲಾಗುತ್ತಿತ್ತು. ದಡದವರಿಗೆ 5ನೇ ತಾರೀಖಿನ ಸಂಜೆ ಆಗಿದ್ದರೆ ಹಡಗಿನ ಪುಸ್ತಕದಲ್ಲಿ ಅದಾಗಲೇ 6. ಮಧ್ಯಾಹ್ನವೇ ಇನ್ನೊಂದು ಮುಖ್ಯ ಕೆಲಸವೂ ಇತ್ತು, ರೇಖಾಂಶ ಹಿಡಿಯಲು ಒಯ್ದಿದ್ದ ಕೆಂಡಾಲ್‌ನ ಕೆ1 ಗಡಿಯಾರಕ್ಕೆ ಕೀಲಿ ಕೊಡುವುದು. ಕುಕ್ ತನ್ನ ಎರಡನೇ ಯಾನದಲ್ಲಿ ಬಳಸಿದ ಅದೇ ಗಡಿಯಾರ. ಇವತ್ತು ಅದು ಗ್ರೀನಿಚ್‌ನಲ್ಲಿದೆ.

ನಮ್ಮ ಸೀಮೆಯವರಿಗೆ ಇನ್ನೊಂದು ಎಳೆಯೂ ಇದೆ. ಬೇರೆ ಬಣ್ಣದ ನೂಲು ತೆಗೆದುಕೊಳ್ಳಿ. ಟಿಪ್ಪು ಸುಲ್ತಾನನ ರಾಯಭಾರಿಗಳು ಅದೇ 1787ರಲ್ಲಿ ಪುದುಚೇರಿಯಿಂದ ಹಡಗು ಹತ್ತಿ, ಆಫ್ರಿಕಾದ ತುದಿ ಸುತ್ತಿ, 1788ರ ಜೂನ್‌ನಲ್ಲಿ ಫ್ರಾನ್ಸಿನ ತೂಲೋನ್ ಸೇರಿದರು. ಒಂದು ನೂಲು ಕೆಳಗೆ ಪೂರ್ವಕ್ಕೆ, ಇನ್ನೊಂದು ಮೇಲಕ್ಕೆ ಪಶ್ಚಿಮಕ್ಕೆ. ಶ್ರೀರಂಗಪಟ್ಟಣದ ಮಾತು ಸಿಡ್ನಿಯ ಗೋಳದ ಮೇಲೆ ಬಂದಾಗ ಮೊಮ್ಮಗನಿಗೆ ಈ ಕಥೆ ತನ್ನದೂ ಹೌದು ಅನ್ನಿಸಿತು.

ನೀರು, ರೊಟ್ಟಿ, ಜಾಗ

ಅಂಕಿ ಹೇಳಿದರೆ ಮಕ್ಕಳು ಮರೆಯುತ್ತಾರೆ, ತೂಗಿದರೆ ಮರೆಯುವುದಿಲ್ಲ. ಶಾಂತ ವಲಯದಲ್ಲಿ ಗಾಳಿ ಸತ್ತಾಗ ಫಿಲಿಪ್ ಒಬ್ಬೊಬ್ಬರ ನೀರನ್ನು ದಿನಕ್ಕೆ ಮೂರು ಪಿಂಟ್‌ಗೆ ಇಳಿಸಿದ, ಸುಮಾರು ಒಂದೂವರೆ ಲೀಟರ್. ಉಪ್ಪು ಹಾಕಿದ ಮಾಂಸ ತಿಂದು, ಸಮಭಾಜಕದ ಬಿಸಿಲಿನಲ್ಲಿ, ಅಷ್ಟರಲ್ಲೇ ದಿನ ಕಳೆಯಬೇಕು. ನೀಲಿ ಚೌಕಳಿಯಲ್ಲಿ ಆ ವಾರ ಬಂದಾಗ ಒಂದು ಬಾಟಲಿಗೆ ಗುರುತು ಹಾಕಿ ಅಡುಗೆಮನೆಯ ಕಟ್ಟೆಯ ಮೇಲಿಡಿ. ಮಕ್ಕಳನ್ನು ಬಾಯಾರಿಸಬೇಡಿ. ಲೆಕ್ಕ ಇಟ್ಟುಕೊಂಡು ಕುಡಿಯುವವರು ನೀವಾಗಿ. ನಾನು ಒಂದು ದಿನ ಮಾಡಿದೆ. ಮಧ್ಯಾಹ್ನ ಮೂರರ ಹೊತ್ತಿಗೆ ಮೊಮ್ಮಗ ಬಾಟಲಿ ನೋಡಿ, ನನ್ನ ಮುಖ ನೋಡಿ, "ಅಜ್ಜಾ, ಸಾಕು, ಕುಡಿ" ಎಂದ.

ಹಡಗಿನ ಬಿಸ್ಕತ್ತು ಮಾಡುವುದು ಕಷ್ಟವಲ್ಲ. ಎರಡು ಲೋಟ ಗೋಧಿ ಹಿಟ್ಟು, ಅರ್ಧ ಚಮಚ ಉಪ್ಪು, ಮುಕ್ಕಾಲು ಲೋಟಕ್ಕೆ ಕಡಿಮೆ ನೀರು. ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ, ಅರ್ಧ ಬೆರಳು ದಪ್ಪಕ್ಕೆ ಲಟ್ಟಿಸಿ, ಚೌಕ ಕತ್ತರಿಸಿ, ಫೋರ್ಕ್‌ನಿಂದ ತೂತು ಮಾಡಿ. ಓವನ್‌ನಲ್ಲಿ 180 ಡಿಗ್ರಿಗೆ ಅರ್ಧ ಗಂಟೆ, ಆಮೇಲೆ ಉರಿ ತಗ್ಗಿಸಿ 100 ಡಿಗ್ರಿಗೆ ಇನ್ನೆರಡು ಗಂಟೆ. ಪೂರ್ತಿ ಒಣಗಬೇಕು. ಹಾಗೆಯೇ ಕಚ್ಚಿದರೆ ಹಲ್ಲಿಗೆ ಅಪಾಯ, ಮಕ್ಕಳಿಗೆ ಸಾರಿನಲ್ಲಿ ನೆನೆಸಿಯೇ ಕೊಡಿ. ಡಬ್ಬಿಯಲ್ಲಿಟ್ಟು ತಿಂಗಳಿಗೊಮ್ಮೆ ತೆಗೆದು ನೋಡಿ.

ದಡ ಸೇರಿದ ಮೇಲೆ ಒಬ್ಬ ಗಂಡಸಿಗೆ ವಾರಕ್ಕೆ ಕೊಟ್ಟ ಪಡಿ ಹೀಗಿತ್ತು: ಏಳು ಪೌಂಡ್ ಬಿಸ್ಕತ್ತು, ಒಂದು ಪೌಂಡ್ ಹಿಟ್ಟು, ಏಳು ಪೌಂಡ್ ಉಪ್ಪು ದನದ ಮಾಂಸ ಅಥವಾ ನಾಲ್ಕು ಪೌಂಡ್ ಹಂದಿ ಮಾಂಸ, ಮೂರು ಪಿಂಟ್ ಬಟಾಣಿ, ಆರು ಔನ್ಸ್ ಬೆಣ್ಣೆ. ಹೆಂಗಸರಿಗೆ ಇದರ ಮೂರರಲ್ಲಿ ಎರಡು ಪಾಲು. ಏಳು ಪೌಂಡ್ ಎಂದರೆ ಮೂರು ಕಿಲೋ ಇನ್ನೂರು ಗ್ರಾಂ ಹತ್ತಿರ. ಮಾಂಸದ ಬದಲು ಅಷ್ಟೇ ತೂಕದ ಅಕ್ಕಿ ತೂಗಿ ಮೇಜಿನ ಮೇಲೆ ಸಾಲಾಗಿಡಿ. ನಮ್ಮ ಅಡುಗೆಮನೆಯ ತಕ್ಕಡಿಯಲ್ಲಿ ಇದನ್ನೆಲ್ಲ ತೂಗಿ ಮುಗಿಸಿದಾಗ ಮಗಳು ಮೊದಲು ಕೇಳಿದ್ದು, "ಸೊಪ್ಪು ತರಕಾರಿ ಎಲ್ಲಪ್ಪಾ?" ಎಂದು. ಇರಲಿಲ್ಲ. ಬಂದರುಗಳಲ್ಲಿ ಅಷ್ಟು ದಿನ ನಿಂತದ್ದು ಯಾಕೆಂದು ಆಗ ಎಲ್ಲರಿಗೂ ಗೊತ್ತಾಯಿತು. ಹೊರಡುವ ಮೊದಲೇ ಕೈದಿಗಳಿಗೆ ತಾಜಾ ಮಾಂಸ, ತರಕಾರಿ ಕೊಡಿಸಬೇಕೆಂದು ಫಿಲಿಪ್ ಹಟ ಹಿಡಿದಿದ್ದ. ಹೊರಟು ಒಂದು ವಾರಕ್ಕೆ ಬೇಡಿಗಳನ್ನು ಬಿಚ್ಚಿಸಿದ. ಅಷ್ಟು ದೂರದ ಪ್ರಯಾಣದಲ್ಲಿ ಸತ್ತವರು ಐವತ್ತರೊಳಗೆ. 1790ರಲ್ಲಿ ಬಂದ ಎರಡನೇ ಫ್ಲೀಟ್‌ನಲ್ಲಿ ಕೈದಿಗಳ ಕಾಲುಭಾಗ ದಾರಿಯಲ್ಲೇ ಸತ್ತರು. ಅದರ ಗುತ್ತಿಗೆದಾರರು ಗುಲಾಮರ ಸಾಗಣೆಯಲ್ಲಿ ಪಳಗಿದವರು. ಈ ಎರಡು ಸಂಖ್ಯೆಗಳನ್ನು ಒಟ್ಟಿಗೆ ಇಟ್ಟು ತೋರಿಸಿ. ಸಮುದ್ರ ಅದೇ, ದಾರಿ ಅದೇ, ಹಡಗು ಹತ್ತಿಸಿದವರು ಬೇರೆ.

ಜಾಗದ ಅಂದಾಜಿಗೆ ಶಾಲೆಯ ಮೈದಾನವೇ ಬೇಕು. ಊರಿನಲ್ಲಿ ಮಕ್ಕಳ ಜೊತೆ ಸುಣ್ಣದ ಪುಡಿಯಲ್ಲಿ ಎರಡು ಹಡಗು ಬರೆದೆವು. ಸಪ್ಲೈ 70 ಅಡಿ ಉದ್ದ. ಕ್ರಿಕೆಟ್ ಪಿಚ್ 66 ಅಡಿ, ಅದಕ್ಕಿಂತ ನಾಲ್ಕೇ ಅಡಿ ಹೆಚ್ಚು! ಅಂಥದ್ದರಲ್ಲಿ ಅರ್ಧ ಭೂಮಿ ಸುತ್ತಿದರು ಎಂದರೆ ಹುಡುಗರು ಮೊದಲು ನಂಬಲೇ ಇಲ್ಲ. ಕೈದಿಗಳನ್ನು ಒಯ್ದ ಹಡಗುಗಳಲ್ಲಿ ಅತಿ ದೊಡ್ಡದಾದ ಅಲೆಕ್ಸಾಂಡರ್ 114 ಅಡಿ ಉದ್ದ, 31 ಅಡಿ ಅಗಲ. ಅದರೊಳಗೆ ಇನ್ನೂರರಷ್ಟು ಕೈದಿಗಳು. ಅವರ ಮೇಲೆ ನಾವಿಕರು, ಕಾವಲಿನ ಮರೀನ್ ಸೈನಿಕರು, ಎರಡು ವರ್ಷದ ಸಾಮಾನು. ಗೆರೆಯೊಳಗೆ ಮಕ್ಕಳನ್ನು ಕೂರಿಸಿ. ಕೈದಿಗಳಿಗೆ ಸಿಕ್ಕಿದ್ದು ಕೆಳ ಅಟ್ಟದ ಒಂದು ಪಾಲು ಮಾತ್ರ ಎಂದು ಹೇಳಿ ಇನ್ನೊಂದು ಗೆರೆ ಎಳೆದು ಒತ್ತಿ ಕೂರಿಸಿ. ಬೆಂಕಿಯ ಭಯಕ್ಕೆ ಕೆಳಗೆ ದೀಪವಿಲ್ಲ. ಬಿರುಗಾಳಿ ಎದ್ದರೆ ಮೇಲಿನ ಬಾಗಿಲೂ ಮುಚ್ಚುತ್ತದೆ. ಕಣ್ಣು ಮುಚ್ಚಿ ಎರಡು ನಿಮಿಷ ಸುಮ್ಮನೆ ಕೂತರೆ ಸಾಕು. ಅಲೆಕ್ಸಾಂಡರ್‌ನ ತಳದಲ್ಲಿ ನಿಂತ ಕೊಳೆನೀರಿನ ನಾತ ಎಷ್ಟಿತ್ತೆಂದರೆ ಅಧಿಕಾರಿಗಳ ಅಂಗಿಯ ಗುಂಡಿಗಳು ಕಪ್ಪಾಗಿದ್ದವು ಎಂದು ವೈದ್ಯ ಜಾನ್ ವೈಟ್ ಬರೆದಿಟ್ಟಿದ್ದಾನೆ. ನೀರು ಖಾಲಿ ಮಾಡಿಸಿದ ಮೇಲೆ ಕಾಯಿಲೆ ಇಳಿಯಿತು.

ಒಬ್ಬೊಬ್ಬರಿಗೆ ಒಬ್ಬೊಬ್ಬ ಪ್ರಯಾಣಿಕ

ಮನೆಯ ಪ್ರತಿಯೊಬ್ಬರೂ ಒಬ್ಬರನ್ನು ಆರಿಸಿಕೊಂಡು ಕೊನೆಯ ತನಕ ಅವರ ಜೊತೆ ಹೋಗಬೇಕು. ಇದು ನಮ್ಮಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಡೆಯಿತು.

ಮೊಮ್ಮಗನಿಗೆ ಜಾನ್ ಹಡ್ಸನ್ ಸಿಕ್ಕಿದ. ಕಳವಿನ ಆರೋಪದ ಮೇಲೆ 1783ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ನಿಂತವನು. ವಯಸ್ಸೆಷ್ಟು ಎಂದು ಕೇಳಿದ್ದಕ್ಕೆ ಒಂಬತ್ತು ನಡೆಯುತ್ತಿದೆ ಎಂದ, ಏನು ಕೆಲಸ ಎಂದರೆ ಕೆಲವೊಮ್ಮೆ ಚಿಮಣಿ ಗುಡಿಸುತ್ತೇನೆ ಎಂದ. ಏಳು ವರ್ಷ ಗಡೀಪಾರು. ಫ್ರೆಂಡ್‌ಶಿಪ್ ಹಡಗು ಹೊರಟಾಗ ಅವನಿಗೆ ಹದಿಮೂರರ ಹತ್ತಿರ. ಓಲ್ಡ್ ಬೇಲಿಯ ಆ ಕಾಲದ ವಿಚಾರಣೆಗಳು ಅಂತರ್ಜಾಲದಲ್ಲಿ ಬಿಟ್ಟಿ ಓದಲು ಸಿಗುತ್ತವೆ, ಹೆಸರು ಹಾಕಿ ಹುಡುಕಿ. ನಮ್ಮವನಿಗೂ ಆಗ ಒಂಬತ್ತೇ. ಅಂದಿನಿಂದ ಸಂಜೆ ಹೊತ್ತು ನೂಲು ಸರಿಸುವಾಗ "ಜಾನ್ ಈಗ ಎಲ್ಲಿದಾನೆ?" ಎಂದೇ ಶುರುಮಾಡುತ್ತಿದ್ದ.

ಮಗಳು ಅಳಿಯ ಸೂಸನ್ನಾ ಹೋಮ್ಸ್, ಹೆನ್ರಿ ಕೇಬಲ್ ಜೋಡಿಯನ್ನು ತೆಗೆದುಕೊಂಡರು. ನಾರ್ವಿಚ್ ಜೈಲಿನಲ್ಲಿ ಜೊತೆಯಾದವರು, ಜೈಲಿನಲ್ಲೇ ಮಗು ಹುಟ್ಟಿತು. ಹಡಗಿನ ಕ್ಯಾಪ್ಟನ್ ಮಗುವನ್ನು ಹತ್ತಿಸಲು ಒಪ್ಪಲಿಲ್ಲ. ಜೊತೆಗಿದ್ದ ಜೈಲು ಕಾವಲುಗಾರ ಜಾನ್ ಸಿಂಪ್ಸನ್, ಮೊಲೆ ಬಿಡದ ಆ ಕೂಸನ್ನು ಎತ್ತಿಕೊಂಡು ಲಂಡನ್ನಿಗೆ ಹೋಗಿ ಮಂತ್ರಿ ಲಾರ್ಡ್ ಸಿಡ್ನಿಯನ್ನೇ ಕಂಡ. ತಾಯಿ, ಮಗು, ತಂದೆ ಮೂವರೂ ಒಟ್ಟಿಗೆ ಹೋಗುವ ಆಜ್ಞೆ ತಂದ. ಜನ ಅವರಿಗಾಗಿ ಚಂದಾ ಎತ್ತಿ ಕೊಟ್ಟ 20 ಪೌಂಡ್ ಬೆಲೆಯ ಗಂಟು ಮಾತ್ರ ಅಲೆಕ್ಸಾಂಡರ್‌ನಲ್ಲಿ ಕಾಣೆಯಾಯಿತು. 1788ರ ಜುಲೈನಲ್ಲಿ, ಸಿಡ್ನಿಯ ಮೊತ್ತಮೊದಲ ಸಿವಿಲ್ ದಾವೆಯಲ್ಲಿ, ಇಬ್ಬರು ಕೈದಿಗಳು ಕ್ಯಾಪ್ಟನ್ ಡಂಕನ್ ಸಿಂಕ್ಲೇರ್ ಮೇಲೆ ದೂರು ಕೊಟ್ಟು 15 ಪೌಂಡ್ ಗೆದ್ದರು. ಆ ಕಾವಲುಗಾರ ಸಿಂಪ್ಸನ್‌ನನ್ನು ನಾನು ಆರಿಸಿಕೊಂಡೆ. ಅವನು ಹಡಗು ಹತ್ತಲಿಲ್ಲ, ಆದರೂ ಈ ಪ್ರಯಾಣದಲ್ಲಿ ನನಗೆ ಅತಿ ಹತ್ತಿರದವನು ಅವನೇ.

ಥಾಮಸ್ ಬ್ಯಾರೆಟ್‌ನನ್ನೂ ಬಿಡಬೇಡಿ. ಬಕಲ್ಲು, ಗುಂಡಿ, ಚಮಚಗಳನ್ನು ಕರಗಿಸಿ ರಿಯೊಗೆ ಹೋಗುವ ದಾರಿಯಲ್ಲೇ ಖೋಟಾ ನಾಣ್ಯ ಮಾಡಿದ ಕೈ ಅವನದು. ಬಾಟನಿ ಬೇ ತಲುಪಿದ ನೆನಪಿಗೆ ಬೆಳ್ಳಿಯ ಪದಕವೊಂದರ ಮೇಲೆ ಷಾರ್ಲೆಟ್ ಹಡಗಿನ ಚಿತ್ರವನ್ನೂ ಪ್ರಯಾಣದ ವಿವರವನ್ನೂ ಕೆತ್ತಿದವನು ಅವನೇ ಎನ್ನುತ್ತಾರೆ. ಸಿಡ್ನಿಯ ಡಾರ್ಲಿಂಗ್ ಹಾರ್ಬರಿನ ಕಡಲ ಮ್ಯೂಸಿಯಂ ಅದನ್ನು ಕೊಂಡು ಇಟ್ಟುಕೊಂಡಿದೆ. ದಡ ಸೇರಿ ಒಂದು ತಿಂಗಳಾದ ಮೇಲೆ, ಫೆಬ್ರವರಿ 27ಕ್ಕೆ, ಆಹಾರ ಕದ್ದನೆಂದು ಅವನನ್ನು ನೇಣಿಗೆ ಹಾಕಿದರು.

ನೂಲಿನ ಆ ತುದಿ

ಗೋಳದ ಮೇಲೆ ಸಿಡ್ನಿ ಎಂದು ಬರೆದ ಕಡೆ ಮೊದಲ ದಿನವೇ ಇನ್ನೊಂದು ಚೀಟಿ ಅಂಟಿಸಿ: ಕಾಮೇ, ವಾರಾನ್. ಬಾಟನಿ ಬೇ ಮತ್ತು ಸಿಡ್ನಿ ಕೋವ್‌ಗೆ ಅಲ್ಲಿನ ಜನ ಇಟ್ಟಿದ್ದ ಹೆಸರುಗಳು. ಹಡಗುಗಳು ಎಂಟು ತಿಂಗಳು ತೇಲುತ್ತಿರುವಾಗ ಆ ದಡದಲ್ಲಿ ಗ್ವಿಯಾಗಲ್, ಗಾಡಿಗಲ್ ಜನ ಎಂದಿನಂತೆ ಮೀನು ಹಿಡಿಯುತ್ತಿದ್ದರು. ಅವರ ದೋಣಿಗೆ ನವಿ ಎಂದು ಹೆಸರು, ನೀರಿಗೆ ಬಡು. ಮರೀನ್ ಲೆಫ್ಟಿನೆಂಟ್ ವಿಲಿಯಂ ಡಾಸ್ ಆ ಭಾಷೆ ಕಲಿತು ಬರೆದುಕೊಂಡ ಪುಸ್ತಕಗಳು ಉಳಿದಿವೆ. ಅವನಿಗೆ ಕಲಿಸಿದವಳು ಪಟ್ಯೆಗರಾಂಗ್ ಎಂಬ ಎಳೆಯ ಹುಡುಗಿ. ನೀರಿನ ಬಾಟಲಿಯ ಮೇಲೆ ಮೊಮ್ಮಗ "ಬಡು" ಎಂದು ಬರೆದು ಅಂಟಿಸಿದ.

ಹಡಗುಗಳನ್ನು ಕಂಡಾಗ ದಡದವರು "ವಾರಾ ವಾರಾ" ಎಂದು ಕೂಗಿದರೆಂದು ಬಂದವರ ದಿನಚರಿಗಳಲ್ಲೇ ಇದೆ. ತೊಲಗಿ ಎಂದು ಅರ್ಥ. 1789ರಲ್ಲಿ ಸಿಡುಬು ಬಡಿಯಿತು. ಸುತ್ತಲಿನ ಮೂಲನಿವಾಸಿಗಳಲ್ಲಿ ಅರ್ಧದಷ್ಟು ಜನ ಸತ್ತರೆಂದು ಫಿಲಿಪ್‌ನ ಅಂದಾಜು. ಇದನ್ನು ಮಕ್ಕಳಿಂದ ಮುಚ್ಚಿಡಬೇಡಿ. ಜನವರಿ 26 ನಮಗೆ ಗಣರಾಜ್ಯೋತ್ಸವ. ಇಲ್ಲಿ ಹಲವರಿಗೆ ಆಸ್ಟ್ರೇಲಿಯಾ ಡೇ, ಮೂಲನಿವಾಸಿಗಳಿಗೆ ಶೋಕದ ದಿನ. ಒಂದೇ ತಾರೀಖು ಮೂರು ಮನೆಗಳಲ್ಲಿ ಮೂರು ಬಗೆ ಎಂದು ಒಂಬತ್ತು ವರ್ಷದವನಿಗೆ ಹೇಳಿದರೆ ಅರ್ಥವಾಗುತ್ತದೆ.

ಚೌಕಳಿ ಮುಗಿದ ದಿನ ನೂಲನ್ನು ಬಾಟನಿ ಬೇಯಲ್ಲೇ ನಿಲ್ಲಿಸಿ. ಅಲ್ಲಿ ಸಿಹಿನೀರು ಸಾಲದು, ಕೊಲ್ಲಿ ಗಾಳಿಗೆ ಮೈಯೊಡ್ಡಿದೆ ಎಂದು ಕಂಡ ಫಿಲಿಪ್ ಮೂರು ದೋಣಿಗಳಲ್ಲಿ ಉತ್ತರಕ್ಕೆ ಹೋಗಿ ಪೋರ್ಟ್ ಜಾಕ್ಸನ್, ಅಂದರೆ ಈಗಿನ ಸಿಡ್ನಿ ಬಂದರು, ನೋಡಿ ಬಂದ. ಅಷ್ಟರಲ್ಲಿ, ಜನವರಿ 24ಕ್ಕೆ, ಲಾ ಪೆರೂಸ್‌ನ ಎರಡು ಫ್ರೆಂಚ್ ಹಡಗುಗಳು ಬಾಟನಿ ಬೇಯ ಹೊರಗೆ ಕಾಣಿಸಿಕೊಂಡು ಎಲ್ಲರೂ ಬೆಚ್ಚಿದ್ದರು. 26ರ ಸಂಜೆಯೊಳಗೆ ಎಲ್ಲ ಹಡಗುಗಳೂ ವಾರಾನ್‌ಗೆ ಬಂದವು. ಗೋಳದ ಮೇಲೆ ಆ ದೂರ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಸಿಡ್ನಿಯಲ್ಲಿ ಇರುವವರು ಅಷ್ಟನ್ನು ಹೋಗಿಯೇ ಮುಗಿಸಬೇಕು. ಒಂದು ದಿನ ಕರ್ನೆಲ್‌ಗೆ ಹೋಗಿ ಕಾಮೇಯ ದಡದಲ್ಲಿ ಬುತ್ತಿ ಬಿಚ್ಚಿ. ಇನ್ನೊಂದು ದಿನ ರೈಲು ಹಿಡಿದು ಸರ್ಕ್ಯುಲರ್ ಕೀ. ಹತ್ತಿರದ ಮ್ಯಾಕ್ವಾರಿ ಪ್ಲೇಸ್ ಉದ್ಯಾನದಲ್ಲಿ ಸಿರಿಯಸ್‌ನ ಲಂಗರು ಇದೆ. 1790ರಲ್ಲಿ ನಾರ್ಫೋಕ್ ದ್ವೀಪದ ಬಂಡೆಗೆ ಬಡಿದು ಒಡೆದ ಹಡಗಿನದು. ಮಕ್ಕಳು ಮುಟ್ಟಿ ನೋಡಲಿ. ಆಮೇಲೆ ಕೀ ಕಡೆ ನಡೆದು ಬಂದು ಕಾಲ ಕೆಳಗೆ ನೋಡುತ್ತಾ ಹೋಗಿ. 1788ರಲ್ಲಿ ನೀರು ಎಲ್ಲಿಯ ತನಕ ಇತ್ತೆಂದು ಹಾಸುಗಲ್ಲಿನಲ್ಲಿ ಲೋಹದ ಬಿಲ್ಲೆಗಳನ್ನು ಕೂರಿಸಿದ್ದಾರೆ. ಈಗಿನ ದಡದಿಂದ ಎಷ್ಟೋ ಒಳಗೆ ಸಿಗುತ್ತವೆ.

ಮೊಮ್ಮಗ ಒಂದು ಬಿಲ್ಲೆ ಕಂಡೊಡನೆ ಅದರ ಈಚೆಗೊಂದು ಆಚೆಗೊಂದು ಕಾಲಿಟ್ಟು ನಿಂತ. "ಅಜ್ಜಾ, ಈಗ ನಾನು ನೀರಲ್ಲಿದೀನಾ, ನೆಲದ ಮೇಲಿದೀನಾ?" ಎಂದ. ಬಲಗಾಲು ಗಾಡಿಗಲ್ಲರ ನೆಲದ ಮೇಲೆ, ಎಡಗಾಲು ಸಮುದ್ರದಲ್ಲಿ ಎಂದೆ. ಅವನು ಬಗ್ಗಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.